ಹೆಸರು ಬಿಡಿ, ಮೊದಲು ಹಡಗು ಹುಡುಕಿ

ಓದುಗರ ಪತ್ರ: ನಮ್ಮ ಮುತ್ತಜ್ಜ ಬ್ರಿಟಿಷರ ಪಿ ಅಂಡ್ ಓ ಹಡಗು ಕಂಪನಿಯ 'ಮಂಗೋಲಿಯಾ' ಹಡಗಿನಲ್ಲಿ ಖಲಾಸಿಯಾಗಿದ್ದರಂತೆ. ಮೊದಲ ಮಹಾಯುದ್ಧದಲ್ಲಿ ಆ ಹಡಗು ಮುಂಬೈ ಹತ್ತಿರ ಮುಳುಗಿತು, ಇವರು ಬದುಕಿ ಬಂದರು ಅಂತ ಅಜ್ಜಿ ಹೇಳುತ್ತಿದ್ದರು. ಅವರ ಹೆಸರನ್ನು ಇಂಟರ್ನೆಟ್‌ನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗಲಿಲ್ಲ. ಇದೆಲ್ಲ ಬರೀ ಕತೆಯೇ?

ಸಂಪಾದಕರ ಉತ್ತರ: ಹಡಗಿನ ವಿಷಯದಲ್ಲಿ ನಿಮ್ಮ ಅಜ್ಜಿ ಹೇಳಿದ್ದು ಅಪ್ಪಟ ನಿಜ. ಪಿ ಅಂಡ್ ಓ ಕಂಪನಿಯ ಮಂಗೋಲಿಯಾ 1903ರಲ್ಲಿ ಕಟ್ಟಿದ ಹಡಗು. 1917ರ ಜೂನ್‌ನಲ್ಲಿ, ಜರ್ಮನಿಯ 'ವುಲ್ಫ್' ಹಡಗು ಸಮುದ್ರದಲ್ಲಿ ಇಟ್ಟಿದ್ದ ಮೈನ್‌ಗೆ, ಅಂದರೆ ತಾಗಿದರೆ ಸಿಡಿಯುವ ಬಾಂಬಿಗೆ, ತಾಗಿ ಮುಂಬೈ ಸಮೀಪವೇ ಮುಳುಗಿತು. ಮನೆಯ ನೆನಪು ಇಷ್ಟು ಸರಿಯಾಗಿ ಉಳಿದಿರುವುದು ದೊಡ್ಡದು. ದಯವಿಟ್ಟು ಹುಡುಕಾಟ ಕೈಬಿಡಬೇಡಿ.

ಹೆಸರು ಹಾಕಿದರೆ ಸಿಗದಿರುವುದಕ್ಕೆ ಕಾರಣವಿದೆ. ಬ್ರಿಟನ್ ಸರ್ಕಾರ 1857ರಿಂದ 1913ರವರೆಗೆ ವ್ಯಾಪಾರಿ ಹಡಗಿನ ನಾವಿಕರ ಹೆಸರುಪಟ್ಟಿಯನ್ನೇ ಇಡಲಿಲ್ಲ. 1913ರಲ್ಲಿ ಮತ್ತೆ ಶುರು ಮಾಡಿತು, ಆದರೆ ನಾವಿಕರ ವಿವರ ಬರೆದಿಟ್ಟ ಕಾರ್ಡ್‌ಗಳಲ್ಲಿ 1918ರ ಹಿಂದಿನವು ಉಳಿದಿಲ್ಲ. ಆ ಕಾಲದ ಕಾಗದಗಳೆಲ್ಲ ಹಡಗಿನ ಲೆಕ್ಕದಲ್ಲೇ ಜೋಡಿಸಿಟ್ಟಿವೆ. ಹಾಗಾಗಿ ಮೊದಲು ಬೇಕಾದ್ದು ಹಡಗಿನ ಅಫೀಷಿಯಲ್ ನಂಬರ್. 1855ರಿಂದ ಪ್ರತಿ ಬ್ರಿಟಿಷ್ ಹಡಗಿಗೂ ಇಂಥದ್ದೊಂದು ನಂಬರ್ ಇದೆ. ಮಾಲೀಕ ಬದಲಾಗಲಿ, ಹೆಸರೇ ಬದಲಾಗಲಿ, ನಂಬರ್ ಬದಲಾಗುವುದಿಲ್ಲ. ಬರೀ ಹೆಸರು ನಂಬಿದರೆ ದಾರಿ ತಪ್ಪುವುದು ಸುಲಭ. ಪಿ ಅಂಡ್ ಓ ಕಂಪನಿಗೇ 1923ರಲ್ಲಿ ಇನ್ನೊಂದು ಮಂಗೋಲಿಯಾ ಬಂತು. ಅಮೆರಿಕದವರದೂ ಒಂದಿತ್ತು. 'ಲಾಯ್ಡ್ಸ್ ರಿಜಿಸ್ಟರ್' ಮತ್ತು 'ಮರ್ಕಂಟೈಲ್ ನೇವಿ ಲಿಸ್ಟ್' ಎಂಬ ಹಡಗುಗಳ ಪಟ್ಟಿಯ ಹಳೆಯ ಸಂಪುಟಗಳು ಆನ್‌ಲೈನ್‌ನಲ್ಲಿವೆ, ನಂಬರ್ ಅಲ್ಲಿ ಸಿಗುತ್ತದೆ.

ನಂಬರ್ ಕೈಗೆ ಬಂದ ಮೇಲೆ ಸಿಬ್ಬಂದಿ ಪಟ್ಟಿ, ಅಂದರೆ ಕ್ರೂ ಲಿಸ್ಟ್. 1915ರ ಪಟ್ಟಿಗಳನ್ನು ಹೆಸರಿನ ಸಮೇತ ಆನ್‌ಲೈನ್‌ಗೆ ಹಾಕಿದ್ದಾರೆ, ನೋಡಲು ದುಡ್ಡು ಬೇಡ. ಅಲ್ಲಿಂದಲೇ ಶುರು ಮಾಡಿ. 1905ರದ್ದು ಲಂಡನ್ನಿನ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಮ್ಯೂಸಿಯಂನಲ್ಲಿದೆ, ಪಿ ಅಂಡ್ ಓ ಕಂಪನಿಯ ಹಳೆಯ ಕಡತಗಳೂ ಅಲ್ಲೇ ಇವೆ. ಬೇರೆ ವರ್ಷಗಳ ಪಟ್ಟಿಗಳಲ್ಲಿ ಸುಮಾರು 10ರಲ್ಲಿ 1 ಭಾಗ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಹೆಚ್ಚಿನ ಪಾಲು ಎಲ್ಲಿದೆ ಗೊತ್ತೇ? ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ! ಅಲ್ಲಿನ ಮೆಮೋರಿಯಲ್ ವಿಶ್ವವಿದ್ಯಾಲಯದವರು ಇಸವಿ, ನಂಬರ್ ಕೊಟ್ಟರೆ ಶುಲ್ಕ ತೆಗೆದುಕೊಂಡು ನಕಲು ಕಳಿಸುತ್ತಾರೆ.

ಒಂದು ಎಚ್ಚರಿಕೆ. ಭಾರತೀಯ ನಾವಿಕರನ್ನು ಬ್ರಿಟಿಷರು 'ಲಸ್ಕರ್' ಅನ್ನುತ್ತಿದ್ದರು, ಅವರಿಗೆ ಲಸ್ಕರ್ ಒಪ್ಪಂದ ಅಂತ ಬೇರೆಯೇ ಪತ್ರ ಇರುತ್ತಿತ್ತು. ಸಂಬಳ ಕಡಿಮೆ, ಷರತ್ತು ಜಾಸ್ತಿ. ಆದ್ದರಿಂದ ಹಡಗಿನ ಒಂದು ಪಟ್ಟಿಯಲ್ಲಿ ಬರೀ ಇಂಗ್ಲಿಷ್ ಹೆಸರುಗಳೇ ಕಂಡರೆ ಅಲ್ಲಿಗೆ ನಿಲ್ಲಿಸಬೇಡಿ, ಲಸ್ಕರ್ ಪತ್ರ ಇದೆಯಾ ಅಂತ ಕೇಳಿ. ಮುತ್ತಜ್ಜನ ಹೆಸರನ್ನು ಬರೆದುಕೊಂಡವನು ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಮನೆತನದ ಹೆಸರು ಬಿಟ್ಟಿರಬಹುದು, ಊರಿನ ಹೆಸರನ್ನು ಗುರುತೇ ಸಿಗದಂತೆ ಮಾಡಿರಬಹುದು. ವಯಸ್ಸು, ಕೆಲಸ ಎರಡನ್ನೂ ಹೊಂದಿಸಿ ನೋಡಿ.

ಮನೆಯ ಹಳೆಯ ಟ್ರಂಕನ್ನೂ ಒಮ್ಮೆ ತೆರೆಯಿರಿ. ಡಿಸ್ಚಾರ್ಜ್ ಪುಸ್ತಕ, ಅಂದರೆ ನಾವಿಕನ ಸೇವಾ ಪುಸ್ತಕ, ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಹಡಗಿನ ಹೆಸರು, ನಂಬರ್, ಹತ್ತಿದ ದಿನ, ಇಳಿದ ದಿನ, ನಡತೆಗೆ ಒತ್ತಿದ ಮುದ್ರೆ ಎಲ್ಲ ಅದರಲ್ಲೇ ಇರುತ್ತವೆ. ಹಡಗು ಮುಳುಗಿದ ಮೇಲೂ ಅವರು ಬೇರೆ ಬ್ರಿಟಿಷ್ ಹಡಗು ಹತ್ತಿದ್ದರೆ 1918ರಿಂದ 1921ರವರೆಗಿನ ನಾವಿಕರ ಕಾರ್ಡ್‌ಗಳನ್ನೂ ನೋಡಿ. ಮೂಲ ಕಾರ್ಡ್‌ಗಳು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿವೆ, ಎಷ್ಟೋ ಕಾರ್ಡ್‌ಗಳಲ್ಲಿ ಫೋಟೋ ಕೂಡ ಇದೆ.

ಕ್ರೂ ಲಿಸ್ಟ್ ಕೈಗೆ ಬಂದಾಗ ನಿಧಾನವಾಗಿ ಓದಿ. ಅಗಲವಾದ ಹಾಳೆ, ತುಂಬಾ ಕಾಲಂ. ಸಹಿ ಬಾರದವರ ಹೆಸರಿನ ಪಕ್ಕ ಒಂದು X ಗುರುತು. ಕೊನೆಯ ಕಾಲಂಗಳಲ್ಲಿ ಯಾಕೆ ಇಳಿದರು ಅನ್ನುವುದು: ಕೆಲಸ ಮುಗಿಯಿತು, ಓಡಿಹೋದ, ಸತ್ತ. ಎಲ್ಲಕ್ಕಿಂತ ಮುಖ್ಯ, 'ಹಿಂದಿನ ಹಡಗು' ಅನ್ನುವ ಕಾಲಂ. ಅದರಲ್ಲಿ ಬರೆದ ಹೆಸರು ಗುರುತು ಮಾಡಿಕೊಳ್ಳಿ, ಆ ಹಡಗಿನ ನಂಬರ್ ತೆಗೆಯಿರಿ, ಅದರ ಪಟ್ಟಿ ತರಿಸಿ. ಹೀಗೆ ಒಂದೊಂದೇ ಹಡಗು ಹಿಂದಕ್ಕೆ ಹೋದರೆ ಅವರು ಮೊದಲು ಸಮುದ್ರಕ್ಕೆ ಇಳಿದ ವರ್ಷದವರೆಗೂ ಹೋಗಬಹುದು.