ಪ್ರಾರ್ಥನೆ ದೇವರಿಗೆ ಕೇಳಿಸುತ್ತಿಲ್ಲ ಅನಿಸುವಾಗ ಅವನ ಕರುಣೆಯನ್ನು ನಂಬುವುದು ಹೇಗೆ?

ಒಂದು ವರ್ಷದಿಂದ ಕಷ್ಟದ ಮೇಲೆ ಕಷ್ಟ, ಎಷ್ಟು ಪ್ರಾರ್ಥಿಸಿದರೂ ಏನೂ ಬದಲಾಗಿಲ್ಲ, ಹೀಗಿರುವಾಗ ದೇವರ ಕರುಣೆಯನ್ನು ಹೇಗೆ ನಂಬಲಿ ಎಂದು ಕೇಳಿದ್ದೀರಿ. "ನಿನ್ನ ನಂಬಿಕೆ ಸಾಲದು, ಅದಕ್ಕೇ ಹೀಗೆ" ಅಂತ ಯಾರಾದರೂ ಹೇಳಿದ್ದರೆ ಮೊದಲು ಆ ಮಾತನ್ನು ಮನಸ್ಸಿನಿಂದ ತೆಗೆದುಬಿಡಿ. ನನಗೂ ಹೇಳಿದ್ದರು. ತುಂಬ ನೋವಾಗಿತ್ತು.

ಬೈಬಲಿನ ಪ್ರಲಾಪಗಳು ಪುಸ್ತಕದ 3ನೇ ಅಧ್ಯಾಯ ಓದಿ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ಆ ಬೂದಿಯ ನಡುವಿನ ಅಳು ಅದು. ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದಾಗಿ ಬರುತ್ತದೆ ಎನ್ನುವ ಮಾತು ಅಲ್ಲೇ ಇದೆ, 22 ಮತ್ತು 23ನೇ ವಚನದಲ್ಲಿ. ಆದರೆ ಅದೇ ಮನುಷ್ಯ 8ನೇ ವಚನದಲ್ಲಿ, ನಾನು ಎಷ್ಟು ಕೂಗಿದರೂ ದೇವರು ನನ್ನ ಪ್ರಾರ್ಥನೆಗೆ ಬಾಗಿಲು ಹಾಕಿದ್ದಾನೆ ಅನ್ನುತ್ತಾನೆ. 18ರಲ್ಲಿ ಭರವಸೆಯೇ ಹೋಯಿತು ಅನ್ನುತ್ತಾನೆ. ನಿಮ್ಮ ಪ್ರಶ್ನೆಯೇ ಅಲ್ವಾ ಅದು? ಕರುಣೆಯ ಮಾತು ಆಡಿದ ಮೇಲೂ ಅವನ ಅಳು ನಿಲ್ಲುವುದಿಲ್ಲ. 48ರಲ್ಲಿ ಮತ್ತೆ ಕಣ್ಣೀರು.

ಅಲ್ಲಿ ಕರುಣೆಗೆ ಬಳಸಿದ ಹೀಬ್ರೂ ಪದ ರಹಮೀಮ್. ಗರ್ಭ ಎಂಬ ಅರ್ಥದ ರೆಹೆಮ್ ಪದಕ್ಕೂ ಇದಕ್ಕೂ ಬೇರು ಒಂದೇ. ನಾವು ತಾಯಿ ಕರುಳು ಅನ್ನುತ್ತೇವಲ್ಲ, ಹಾಗೆ. ಮಗು ಸಿಟ್ಟಿನಲ್ಲಿ ಹೊಡೆದರೂ ತಾಯಿ ಎತ್ತಿಕೊಳ್ಳುತ್ತಾಳೆ. ಹಾಗಾಗಿ ದೇವರ ಹತ್ತಿರ ಜಗಳ ಆಡಲು ಹೆದರಬೇಡಿ.

ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಮಂಗಳೂರಿನ ಆಸ್ಪತ್ರೆಯೊಂದರ ಐಸಿಯು ಹೊರಗೆ 19 ರಾತ್ರಿ ಕೂತಿದ್ದೆ. ನನ್ನದೇ ಮಾತಿನಲ್ಲಿ ಪ್ರಾರ್ಥಿಸಲು ಆಗುತ್ತಲೇ ಇರಲಿಲ್ಲ. ಮೆಟ್ಟಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೆಕ್ಯುರಿಟಿಯವರು ಕೂರುತ್ತಿದ್ದರು. ಬೆಳಗಿನ ಜಾವ ಮೂರು ಗಂಟೆ ಕಳೆದ ಮೇಲೆ ಅವರು ಪದೇ ಪದೇ ವಾಚ್ ನೋಡುವುದು, ಆಮೇಲೆ ಕಿಟಕಿ ನೋಡುವುದು. ಬೈಬಲಿನ 130ನೇ ಕೀರ್ತನೆಯಲ್ಲಿ ಬೆಳಗಿಗಾಗಿ ಕಾಯುವ ಕಾವಲುಗಾರರ ಮಾತು ಎರಡು ಸಲ ಬರುತ್ತದೆ. ಯಾಕೆ ಎರಡು ಸಲ ಅಂತ ನನಗೆ ಅವತ್ತು ಅರ್ಥವಾಯಿತು. ಆ ಸೆಕ್ಯುರಿಟಿಯವರ ಮುಖದಲ್ಲಿ ನಿದ್ದೆ ಇತ್ತು, ಸುಸ್ತು ಇತ್ತು. ಬೆಳಗಾಗುತ್ತದೋ ಇಲ್ಲವೋ ಎನ್ನುವ ಅನುಮಾನ ಇರಲಿಲ್ಲ. ನನಗೂ ಅಷ್ಟು ಭರವಸೆ ಸಾಕು ಅನಿಸಿತು.

ಆರು ಗಂಟೆಗೆ ಪಕ್ಕದ ಪೇಶೆಂಟ್‌ನ ತಾಯಿ, ಸುಳ್ಯ ಕಡೆಯವರು, ಟಿಫಿನ್ ಕ್ಯಾರಿಯರ್ ಮುಚ್ಚಳಕ್ಕೆ ಕುಚ್ಚಲಕ್ಕಿ ಗಂಜಿ ಬಡಿಸಿ, ಒಂದು ಮಾವಿನಮಿಡಿ ಇಟ್ಟು, "ಮೊದಲು ಉಣ್ಣು ಮಗಳೇ" ಎಂದರು. ಅವರು ನಮ್ಮ ಸಭೆಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಬಿಸಿ ಇತ್ತು. ಅಳುತ್ತಾ ಉಂಡೆ. ಆ ಬೆಳಗಿನ ಕರುಣೆ ದೇವರು ಕಳಿಸಿದ್ದು ಅವರ ಕೈಯಲ್ಲಿ. ನಾನು ಇಂದಿಗೂ ಹಾಗೆಯೇ ನಂಬುತ್ತೇನೆ.

ಅಪ್ಪ ಮನೆಗೆ ಬಂದರು. ಬಲಗೈ ಮಾತ್ರ ಇವತ್ತಿಗೂ ಮೇಲೆ ಏಳುವುದಿಲ್ಲ. ಕೇಳಿದ್ದೆಲ್ಲ ಸಿಗಲಿಲ್ಲ.

ನೀವು ಇಡೀ ವರ್ಷದ ಧೈರ್ಯವನ್ನು ಒಟ್ಟಿಗೆ ಕೇಳಬೇಡಿ. ಇವತ್ತಿನದ್ದು ಕೇಳಿ. ನಿಮ್ಮ ಸಭಾಪಾಲಕರಿಗೋ ನಂಬುವ ಒಬ್ಬರಿಗೋ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಒಬ್ಬರೇ ಹೊರಬೇಡಿ. ನಿದ್ದೆ ಬಾರದ ರಾತ್ರಿ 130ನೇ ಕೀರ್ತನೆಯನ್ನು ಬಾಯಿಬಿಟ್ಟು ಓದಿ, ಬರೀ 8 ವಚನ. ಅದೂ ಆಗದಿದ್ದರೆ 88 ಓದಿ. ಅದು ಕೊನೆಯವರೆಗೂ ಅಳು, ಮುಗಿಯುವುದೂ ಕತ್ತಲೆಯಲ್ಲೇ. ಮೊದಲ ವಾರ ಪೂರ್ತಿ ನಾನು ಓದಿದ್ದು ಅದೊಂದನ್ನೇ.