ಸಿಮ್ಸ್ ಮನೆ ತುಂಬಿತು, ಪಾಲು ಮಾಡುವುದು ಹೇಗೆ?

ಪ್ರಶ್ನೆ: ಸಂಸಾರ ನಡೆಸುವ ಕಂಪ್ಯೂಟರ್ ಆಟ ‘ದಿ ಸಿಮ್ಸ್ 4’ನಲ್ಲಿ ನನ್ನ ಕುಟುಂಬ ಮೂರನೇ ತಲೆಮಾರಿಗೆ ಬಂದಿದೆ. ಅಜ್ಜಿ, ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಎಂಟು ಜನ. ಇನ್ನೊಂದು ಮಗುವಿಗೆ ಆಟ ಬಿಡುತ್ತಿಲ್ಲ. ಕಿರಿಯವನ ಸಂಸಾರವನ್ನು ಬೇರೆ ಮನೆಗೆ ಕಳಿಸಿ ನೋಡಿದೆ. ಸ್ವಲ್ಪ ದಿನ ಬಿಟ್ಟು ಅಲ್ಲಿಗೆ ಹೋದರೆ ಅವನ ಮಗಳು ಇನ್ನೂ ತೊದಲುತ್ತಿದ್ದಾಳೆ, ಅವಳ ವಾರಿಗೆಯ ದೊಡ್ಡಪ್ಪನ ಮಗ ಮದುವೆ ವಯಸ್ಸಿಗೆ ಬಂದುಬಿಟ್ಟಿದ್ದಾನೆ! ಏನು ಮಾಡಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದು ಮನೆಗೆ ಎಂಟೇ ಜನ ಎಂಬುದು ಆಟದ ಕಟ್ಟಳೆ. ಮಾಡ್‌ಗಳನ್ನು (ಆಟಗಾರರೇ ಬರೆದ ಮಾರ್ಪಾಡುಗಳನ್ನು) ಹಾಕಿ ಮೀರಬಹುದು, ಆದರೆ ನಾನು ಹಾಕಿ ಎನ್ನುವುದಿಲ್ಲ. ಆಟ ಅಪ್‌ಡೇಟ್ ಆದಾಗಲೆಲ್ಲ ಅವು ಕೈಕೊಡುತ್ತವೆ. ಅದಿರಲಿ, ಎಂಟು ಜನಕ್ಕೆ ಉಣ್ಣಿಸಿ, ಮಲಗಿಸಿ, ಕೆಲಸಕ್ಕೆ ಕಳಿಸುವುದರಲ್ಲೇ ಸಾಕುಸಾಕಾಗುತ್ತದಲ್ಲ? ಹಾಗಾಗಿ ಪಾಲು ಅನಿವಾರ್ಯ.

ನಿಮ್ಮ ತೊಂದರೆ ಇರುವುದು ಪಾಲಿನಲ್ಲಲ್ಲ, ವಯಸ್ಸಿನ ಸೆಟ್ಟಿಂಗ್‌ನಲ್ಲಿ. 2004ರ ಸಿಮ್ಸ್ 2ರಲ್ಲಿ ನಾವು ಆಡುತ್ತಿರುವ ಮನೆಯವರಿಗೆ ಮಾತ್ರ ವಯಸ್ಸಾಗುತ್ತಿತ್ತು. 2009ರ ಸಿಮ್ಸ್ 3ರಲ್ಲಿ ಇಡೀ ಊರಿಗೇ ಒಟ್ಟಿಗೆ. ನಾಲ್ಕನೆಯದು ಆಯ್ಕೆಯನ್ನು ನಮಗೇ ಬಿಟ್ಟಿದೆ, ನಾವು ಅದನ್ನು ತೆರೆದು ನೋಡುವುದೇ ಇಲ್ಲ! ಗೇಮ್ ಆಪ್ಷನ್ಸ್‌ನ ಗೇಮ್‌ಪ್ಲೇ ವಿಭಾಗಕ್ಕೆ ಹೋಗಿ. ಅಲ್ಲಿ ವಯಸ್ಸಿನ ಆಯ್ಕೆ ‘ಆ್ಯಕ್ಟಿವ್ ಹೌಸ್‌ಹೋಲ್ಡ್ ಮಾತ್ರ’ (ಈಗ ಆಡುತ್ತಿರುವ ಮನೆ ಮಾತ್ರ) ಎಂದಿದ್ದರೆ ನೀವಿಲ್ಲದಾಗ ಕಿರಿಯವನ ಮನೆಯಲ್ಲಿ ಕಾಲ ನಿಂತಿರುತ್ತದೆ.

ಈಗ ಒಂದು ತೀರ್ಮಾನ ಮಾಡಿ. ನಿಮಗೆ ಬೇಕಿರುವುದು ಹಿರಿಯನ ವಂಶದ ಕಥೆಯೋ, ಎರಡೂ ಮನೆಗಳ ಕಥೆಯೋ?

ಒಂದೇ ವಂಶ ಸಾಕೆಂದರೆ ಎಲ್ಲರಿಗೂ ವಯಸ್ಸಾಗಲಿ ಬಿಡಿ. ನೀವು ಆಡದ ಸಿಮ್‌ಗಳಿಗೆ (ಆಟದ ಮನುಷ್ಯರಿಗೆ) ಬೇರೆಯೇ ಟಿಕ್ ಇದೆ, ಅದನ್ನೂ ಹಾಕಿ. ಆದರೆ ವಯಸ್ಸೊಂದೇ ಸಾಲದು. ಕಿರಿಯವನ ಮಕ್ಕಳು ಬೆಳೆದು, ಮದುವೆಯಾಗದೆ, ಕೆಲಸ ಹಿಡಿಯದೆ ಹಾಗೆಯೇ ಮುದುಕರಾಗುತ್ತಾರೆ. ಅವರ ಬಾಳನ್ನು ತಾನೇ ಮುಂದೆ ಸಾಗಿಸುವ ಸೌಲಭ್ಯ ‘ನೇಬರ್‌ಹುಡ್ ಸ್ಟೋರೀಸ್’. ಮ್ಯಾನೇಜ್ ಹೌಸ್‌ಹೋಲ್ಡ್ಸ್‌ನಲ್ಲಿ ಪ್ರತಿ ಮನೆಗೂ ಇದನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಮದುವೆ, ಮಗು, ನೌಕರಿಗೆ ಅನುಮತಿ ಕೊಡಿ. ಅಪಘಾತದ ಸಾವಿಗೆ ಮಾತ್ರ ಬೇಡ. ಕಣ್ಣೆದುರು ಬೆಳೆದ ತಮ್ಮ ನೀವಿಲ್ಲದಾಗ ಸತ್ತುಹೋದರೆ ಆಟವೇ ಬೇಸರವಾಗುತ್ತದೆ.

ಎರಡೂ ಮನೆ ಬೇಕೆಂದರೆ ‘ಆ್ಯಕ್ಟಿವ್ ಮಾತ್ರ’ ಆಯ್ಕೆಯೇ ಇರಲಿ, ಸರದಿ ಇಟ್ಟುಕೊಳ್ಳಿ. ಆಟದ ಲೆಕ್ಕದಲ್ಲಿ ವಾರಕ್ಕೊಂದು ಮನೆ. ಸರದಿ ತಪ್ಪಿದರೆ ಮಾತ್ರ ಮತ್ತೆ ಅದೇ ಗೋಳು. ಸರದಿಯ ರಗಳೆಯೇ ಬೇಡವೆಂದರೆ ವಯಸ್ಸನ್ನು ಪೂರ್ತಿ ನಿಲ್ಲಿಸಿ, ಬೇಕಾದಾಗ ಕೇಕ್ ಮಾಡಿ ಮೇಣದಬತ್ತಿ ಆರಿಸಿ ದೊಡ್ಡವರನ್ನಾಗಿ ಮಾಡಿ. ನನಗೆ ಹಿಡಿಸಿದ್ದು ಇದೇ. ಯಾವ ಕುಟುಂಬದಲ್ಲಿ ಯಾವಾಗ ಹುಟ್ಟುಹಬ್ಬ ಎಂಬುದು ನಮ್ಮ ಕೈಯಲ್ಲೇ ಇರುತ್ತದೆ.

ಇನ್ನು ವಂಶವೃಕ್ಷ. ಊರಿನ ಜನಸಂಖ್ಯೆಯ ಮಿತಿ ಮೊದಲಿಗೆ 80ಕ್ಕೆ ಇರುತ್ತದೆ. ಅದು ಮೀರಿದಾಗ ಮನೆಯಿಲ್ಲದ ಸಿಮ್‌ಗಳನ್ನು ಆಟ ಸದ್ದಿಲ್ಲದೆ ಅಳಿಸುತ್ತದೆ. ವಿಚ್ಛೇದಿತ ಸೊಸೆ, ದೂರದ ಬೀಗರೆಲ್ಲ ಮಾಯವಾಗುವುದು ಹೀಗೆ. ಮಿತಿಯನ್ನು 200ರವರೆಗೆ ಏರಿಸಬಹುದು. ಲ್ಯಾಪ್‌ಟಾಪ್ ಹಳೆಯದಾದರೆ ಹುಷಾರು. ಉಳಿಯಬೇಕಾದವರಿಗೆ ಒಂದು ಪುಟ್ಟ ಮನೆ ಕೊಟ್ಟುಬಿಡುವುದು ಅದಕ್ಕಿಂತ ಒಳ್ಳೆಯದು. ಅಜ್ಜಿ ತೀರಿಕೊಂಡರೆ ಸಮಾಧಿಯನ್ನು ಹಿತ್ತಲಲ್ಲೇ ಇಡಿ, ಆತ್ಮವನ್ನು ‘ನೆದರ್‌ವರ್ಲ್ಡ್‌’ಗೆ (ಪರಲೋಕಕ್ಕೆ) ಬಿಡುಗಡೆ ಮಾಡಬೇಡಿ. ಮಾಡಿದರೆ ರಾತ್ರಿ ಅಡುಗೆಮನೆಗೆ ಬರುವ ಅಜ್ಜಿಯೂ ಇಲ್ಲ. ದೆವ್ವವಾಗಿ ಮನೆಗೆ ಸೇರಿಸಿಕೊಂಡರೆ ಅವರೂ ಎಂಟರಲ್ಲಿ ಒಬ್ಬರು ಎಂಬುದು ನೆನಪಿರಲಿ.

ಪಾಲು ಮಾಡುವ ಮುಂಚೆ ‘ಸೇವ್ ಆ್ಯಸ್’ ಒತ್ತಿ ಇನ್ನೊಂದು ಹೆಸರಿನಲ್ಲಿ ಪ್ರತಿ ಇಟ್ಟುಕೊಳ್ಳಿ. ಒಂದೇ ವಂಶವನ್ನು ಹತ್ತು ತಲೆಮಾರು ನಡೆಸುವ ‘ಲೆಗಸಿ ಚಾಲೆಂಜ್’ ಆಡುವ ಮನಸ್ಸಿದ್ದರೆ ವಾರಸುದಾರರ ನಿಯಮವನ್ನೂ ಈಗಲೇ ಬರೆದಿಡಿ. ಚೊಚ್ಚಲು ಕೂಸಿಗೋ, ಕಡೆಗೂಸಿಗೋ, ಅರ್ಹತೆಗೋ? ಮಕ್ಕಳ ಮುಖ ನೋಡಿದ ಮೇಲೆ ನಿಯಮ ಮಾಡಿದರೆ ಮುದ್ದಾದವರಿಗೇ ಮನೆ ಹೋಗುತ್ತದೆ.