ಎಲ್‌ಸಿ50 ಪ್ರಯೋಗದ ಬಸವನಹುಳುಗಳನ್ನೇ ಸೆಕ್ಷನ್‌ಗೆ ಬಳಸಬಹುದಾ?

ಕೀಟನಾಶಕದಿಂದ 96 ಗಂಟೆಯಲ್ಲಿ ಅರ್ಧದಷ್ಟು ಬಸವನಹುಳು ಸಾಯುವ ಪ್ರಮಾಣ (ಎಲ್‌ಸಿ50) ಕಂಡುಹಿಡಿದು, ಅವುಗಳದ್ದೇ ಅಂಗಾಂಶವನ್ನು ತೆಳುವಾಗಿ ಕತ್ತರಿಸಿ (ಸೆಕ್ಷನ್) ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಸಂತಾನದ ಮೇಲಿನ ಪರಿಣಾಮವನ್ನೂ ಬರೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಪ್ರಾಜೆಕ್ಟ್‌ನಲ್ಲಿ ಮಾಡಿದ್ದು ಇದನ್ನೇ.

ಸಿಹಿನೀರಿನ ಲಿಮ್ನಿಯ ಬಸವನಹುಳು, ಕೀಟನಾಶಕ ಕ್ಲೋರ್‌ಪೈರಿಫಾಸ್. ರಾತ್ರಿ ಸತ್ತವು ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಸಿಗುತ್ತಿದ್ದವು. ಅವನ್ನು ಎತ್ತಿ ಚಿಪ್ಪಿನ ಸಮೇತ, ಅಂಗಾಂಶ ಕೆಡದಂತೆ ಇಡುವ ಬೋಯಿನ್ ದ್ರಾವಣಕ್ಕೆ ಹಾಕುತ್ತಿದ್ದೆ. ಕೀಟನಾಶಕ ಹಾಕದ ಕಂಟ್ರೋಲ್ ತೊಟ್ಟಿಯವನ್ನು ಮಾತ್ರ ಜೀವ ಇರುವಾಗಲೇ ಚಿಪ್ಪು ಬಿಡಿಸಿ ಹಾಕಿದೆ. ತಪ್ಪಾಗಿದ್ದು ಇಲ್ಲೇ.

ಸ್ಲೈಡ್ ನೋಡಿದಾಗ ತುಂಬಾ ಖುಷಿಯಾಯಿತು. ಕಂಟ್ರೋಲ್‌ನ ಜೀರ್ಣಗ್ರಂಥಿಯಲ್ಲಿ ನಳಿಕೆಗಳು ಒತ್ತೊತ್ತಾಗಿ, ಕೋಶಗಳು ಸಾಲಾಗಿ ಇದ್ದವು. ಕೀಟನಾಶಕದವುಗಳಲ್ಲಿ ನಳಿಕೆಯ ಗೋಡೆ ಒಡೆದಿತ್ತು, ಕೋಶಗಳಲ್ಲಿ ಗುಳ್ಳೆ ಎದ್ದಿತ್ತು, ನ್ಯೂಕ್ಲಿಯಸ್ ಕುಗ್ಗಿತ್ತು. ಓದಿದ್ದೆಲ್ಲ ಕಣ್ಣೆದುರಿಗೇ ಇದೆ ಅನ್ನಿಸಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಸ್ಲೈಡ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಸತ್ತು ಎಷ್ಟು ಹೊತ್ತಾಗಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಜೀರ್ಣಗ್ರಂಥಿಯ ತುಂಬ ಎಂಜೈಮ್ ಇರುತ್ತೆ. ಪ್ರಾಣ ಹೋದ ಮೇಲೆ ಆ ಎಂಜೈಮ್‌ಗಳೇ ಗ್ರಂಥಿಯ ಕೋಶಗಳನ್ನು ಕರಗಿಸಲು ಶುರು ಮಾಡುತ್ತವೆ. ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ಗುಳ್ಳೆ, ಒಡೆದ ಗೋಡೆ, ಕುಗ್ಗಿದ ನ್ಯೂಕ್ಲಿಯಸ್ ಎಲ್ಲವೂ ಕೊಳೆತದಿಂದಲೂ ಬರುತ್ತವೆ, ವಿಷದಿಂದಲೂ ಬರುತ್ತವೆ. ಜೊತೆಗೆ ಚಿಪ್ಪಿನೊಳಗೆ ದ್ರಾವಣ ಸರಿಯಾಗಿ ಇಳಿಯಲ್ಲ, ಒಳಗಿನ ಸುರುಳಿಯಲ್ಲಿ ಕೊಳೆಯುವುದು ಮುಂದುವರಿಯುತ್ತೆ. ಅಂದರೆ ನಾನು ಹೋಲಿಸಿದ್ದು ಸತ್ತದ್ದನ್ನು ಮತ್ತು ಬದುಕಿದ್ದನ್ನು. ಕೀಟನಾಶಕ ಏನು ಮಾಡಿತು ಅಂತ ಆ ಸ್ಲೈಡ್‌ಗಳಿಂದ ಹೇಳಲು ಸಾಧ್ಯವೇ ಇರಲಿಲ್ಲ. ವೀರ್ಯಾಣು, ಅಂಡಾಣು ಎರಡನ್ನೂ ಮಾಡುವ ಓವೊಟೆಸ್ಟಿಸ್ ಇರುವುದೂ ಜೀರ್ಣಗ್ರಂಥಿಗೆ ಅಂಟಿಕೊಂಡೇ. ಹಾಗಾಗಿ ಸಂತಾನದ ಬಗ್ಗೆ ಬರೆದಿದ್ದೂ ಹೋಯಿತು. ಎಲ್ಲ ಮೊದಲಿಂದ ಮಾಡಿದೆ. ಒಂದು ವರ್ಷ ಹೋಯಿತು.

ಸೆಕ್ಷನ್‌ಗೆ ಬದುಕಿರುವುದನ್ನೇ ತೆಗೆದುಕೊಳ್ಳಿ. ಎರಡೂ ಗುಂಪನ್ನು ಒಂದೇ ದಿನ, ಒಂದೇ ರೀತಿ, ಚಿಪ್ಪು ಬಿಡಿಸಿ ದ್ರಾವಣಕ್ಕೆ ಹಾಕಿ. ಕೀಟನಾಶಕವನ್ನು ಅಸಿಟೋನ್‌ನಲ್ಲಿ ಕರಗಿಸುತ್ತಿದ್ದರೆ ಬರೀ ಅಸಿಟೋನ್ ಹಾಕಿದ ತೊಟ್ಟಿಯೂ ಒಂದು ಬೇಕು.

ಇನ್ನು 96 ಗಂಟೆಯ ಮಾತು. ನಿಮ್ಮ ಪ್ರಶ್ನೆ ಶುರುವಾಗುವುದೇ ತಪ್ಪು ಜಾಗದಿಂದ ಅಂತ ನನಗೆ ಅನ್ನಿಸುತ್ತೆ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕವನ್ನು ಬಸವನಹುಳುಗಳು ಸಾಮಾನ್ಯವಾಗಿ ನೀರಿನ ಚಿಗಟಗಳಿಗಿಂತ (ಡಾಫ್ನಿಯ ಎಂಬ ಪುಟ್ಟ ಜಲಜೀವಿ) ಎಷ್ಟೋ ಜಾಸ್ತಿ ತಡೆದುಕೊಳ್ಳುತ್ತವೆ. ಅವನ್ನು ನಾಲ್ಕೇ ದಿನದಲ್ಲಿ ಕೊಲ್ಲುವಷ್ಟು ವಿಷ ಕೆರೆ, ಹೊಳೆಯಲ್ಲಿ ಸಿಗುವುದು ಅಪರೂಪ. ಅಲ್ಲಿ ಆಗುವುದು ಬೇರೆ: ಸ್ವಲ್ಪ ಸ್ವಲ್ಪ ವಿಷ, ಬಹಳ ದಿನ. ಹುಳು ಸಾಯಲ್ಲ, ಆದರೆ ಮೊಟ್ಟೆ ಕಡಿಮೆಯಾಗಬಹುದು. ನಾಲ್ಕು ದಿನದಲ್ಲಿ ಇದು ಹೇಗೆ ಗೊತ್ತಾಗಬೇಕು? ಲಿಮ್ನಿಯ ಸ್ಟಾಗ್ನಾಲಿಸ್‌ಗೆ ಒಇಸಿಡಿ (ರಾಸಾಯನಿಕಗಳ ಪರೀಕ್ಷಾ ವಿಧಾನಗಳನ್ನು ಪ್ರಕಟಿಸುವ ಅಂತರರಾಷ್ಟ್ರೀಯ ಸಂಸ್ಥೆ) 2016ರಲ್ಲಿ ಹೊರಡಿಸಿದ 243ನೇ ಪರೀಕ್ಷಾ ವಿಧಾನ ಇದೆ. 28 ದಿನ ಇಟ್ಟು ಮೊಟ್ಟೆಯ ಮುದ್ದೆಗಳನ್ನು ಎಣಿಸುವುದು. ಅದನ್ನೇ ಹಿಡಿಯಿರಿ.

ಎಣಿಸುವಾಗ ಊಟದ ಮೇಲೂ ಕಣ್ಣಿಡಿ. ವಿಷದಿಂದ ಹುಳು ತಿನ್ನುವುದು ಕಡಿಮೆ ಮಾಡಿದರೆ, ಬರೀ ಹಸಿವಿನಿಂದಲೇ ಮೊಟ್ಟೆ ಇಳಿಯುತ್ತೆ. ಆಗ ಓವೊಟೆಸ್ಟಿಸ್ ಕೆಟ್ಟಿದೆ ಅಂತ ಬರೆದರೆ ಅದೂ ಸುಳ್ಳು ಅಲ್ವಾ? ನಾನು ಎರಡನೇ ಸಲ ಉಳಿದ ಸೊಪ್ಪನ್ನು ದಿನಾ ತೂಗಿದೆ. ವಿಷ ಇಲ್ಲದ ಇನ್ನೊಂದು ಗುಂಪಿಗೆ, ವಿಷದ ಗುಂಪು ತಿಂದಷ್ಟೇ ಸೊಪ್ಪು ಕೊಟ್ಟೆ. ಆ ಗುಂಪು ಇದ್ದಿದ್ದರಿಂದಲೇ ಹಸಿವಿನ ಪಾಲು ಎಷ್ಟು, ವಿಷದ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಆಯಿತು.

ಮುದ್ದೆ ಎಣಿಸಿ ಬಿಸಾಡಬೇಡಿ. ಒಂದಷ್ಟನ್ನು ಶುದ್ಧ ನೀರಿನಲ್ಲಿ ಇಟ್ಟು ಎರಡು ಮೂರು ವಾರ ನೋಡಿ. ಮೊಟ್ಟೆ ಪಾರದರ್ಶಕ, ಒಳಗೆ ಮರಿ ತಿರುಗುವುದು ಮೈಕ್ರೋಸ್ಕೋಪ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಎಷ್ಟು ಮೊಟ್ಟೆಯಲ್ಲಿ ಅದು ನಿಂತುಹೋಯಿತು ಅನ್ನುವುದನ್ನೂ ಬರೆದಿಡಿ.